ಬೋರ್ಗಿಲ್ಡಳ ಬಂದೂಕು ಯಾರಿಗೂ ಬೇಡವಂತೆ

ಫ್ರೀಡಾ ಕುದುರೆಗೆ ಇಪ್ಪತ್ತು ದಾಟಿತ್ತು. ಒಂದು ಕಣ್ಣು ಮಂಜಾಗಿತ್ತು. ಆದರೂ ಹಸಿರು ಯಾವ ದಿಕ್ಕಿನಲ್ಲಿದೆ ಎಂಬ ವಿಷಯದಲ್ಲಿ ಅದಕ್ಕೆ ಎಂದೂ ಅನುಮಾನ ಬಂದದ್ದಿಲ್ಲ. ಬೆಳಗ್ಗೆ ರಾಗ್ನಾ ಲಾಯದ ಬಾಗಿಲು ತೆಗೆಯುವುದೇ ತಡ, ಕತ್ತು ಚಾಚಿ ಹುಲ್ಲುಗಾವಲಿನ ಕಡೆ ಮೂಗು ಮಾಡಿ ನಿಂತುಬಿಡುತ್ತಿತ್ತು.

“ಇವತ್ತಲ್ಲ ಕಣೇ, ನಮ್ಮಮ್ಮ. ಹೊರಗೆ ಪೂರಾ ತೂತು.”

ನಿಜಕ್ಕೂ ಪೂರಾ ತೂತು. ಹಿಮ ಕರಗಿದ್ದೇ ನೆಪ, ಬಿಲ ತೋಡಿ ಬಾಳುವ ನೆಲದಳಿಲುಗಳು ಚಳಿಗಾಲದ ನಿದ್ದೆ ಮುಗಿಸಿ ಎದ್ದಿದ್ದವು. ಬಿಲದ ಬಾಯಿಗೊಂದರಂತೆ ಹಿಂಗಾಲ ಮೇಲೆ ನೆಟ್ಟಗೆ ನಿಂತು, ಮುಂಗೈಗಳನ್ನು ಎದೆಗೆ ಕಟ್ಟಿಕೊಂಡು, ಭಾನುವಾರ ಇಗರ್ಜಿಗೆ ತಡವಾಗಿ ಬಂದವರನ್ನು ನೋಡುವ ಹಿರಿಯರ ಹಾಗೆ ರಾಗ್ನಾಳನ್ನು ನೋಡುತ್ತಿದ್ದವು. ಹತ್ತಿರ ಹೋದರೆ ಸಿಳ್ಳೆ ಹಾಕಿ ಒಳಕ್ಕೆ, ಬೆನ್ನು ತಿರುಗಿಸಿದರೆ ಹೊರಕ್ಕೆ. ಒಂದು ಬಿಲಕ್ಕೆ ಮಣ್ಣು ತುಂಬಿ ಬರುವುದರೊಳಗೆ ಪಕ್ಕದಲ್ಲೇ ಎರಡು ಹೊಸ ಬಾಗಿಲು.

ಏಪ್ರಿಲ್‌ನಲ್ಲಿ ಫ್ರೀಡಾಳ ಮುಂಗಾಲು ಅಂಥದೊಂದು ಬಿಲಕ್ಕೆ ಇಳಿದಿತ್ತು. ಪುಣ್ಯಕ್ಕೆ ಮುರಿಯಲಿಲ್ಲ, ಉಳುಕಿತು. ಪಶುವೈದ್ಯೆ ಪಟ್ಟಿ ಕಟ್ಟಿ ಎದ್ದು ನಿಂತು, “ಈ ಸಲ ಬಚಾವಾಯ್ತು. ಇನ್ನೊಂದು ಸಲ ಹೀಗಾದ್ರೆ ನಾನು ತರೋ ಸೂಜಿಯೇ ಬೇರೆ, ಕಣ್ಣು ಮುಚ್ಚಿಸೋದು. ಹಾಗಂತ ಲಾಯದಲ್ಲೇ ಕಟ್ಟಿ ಹಾಕಿದ್ರೆ ಈ ವಯಸ್ಸಿಗೆ ಕಾಲು ಸೆಟೆದುಕೊಂಡು ಹೋಗತ್ತೆ. ಒಂದೋ ಹುಲ್ಲುಗಾವಲು ಸರಿಮಾಡಿ, ಇಲ್ಲ ಬೇರೆ ಯಾರಿಗಾದ್ರೂ ಕೊಟ್ಟುಬಿಡಿ” ಅಂದಿದ್ದಳು. ಕೊಟ್ಟುಬಿಡಿ ಎಂಬ ಮಾತು ಕೇಳಿ ರಾಗ್ನಾ ಮೂರು ರಾತ್ರಿ ಸರಿಯಾಗಿ ಮಲಗಿರಲಿಲ್ಲ.

ವಿಷ ಇಡಬಹುದಿತ್ತು. ಆದರೆ ವಿಷ ತಿಂದ ಅಳಿಲನ್ನು ಗಿಡುಗ ತಿನ್ನುತ್ತದೆ, ಊರ ನಾಯಿ ತಿನ್ನುತ್ತದೆ. ಅದು ಬೇಡ ಎಂದು ರಾಗ್ನಾ ಖಡಾಖಂಡಿತ ಹೇಳಿದ್ದಳು. ಉಳಿದದ್ದು ಬಂದೂಕು. ಈ ಕೆಲಸಕ್ಕೆ ಬೇಕಾದದ್ದು ದೊಡ್ಡದೇನಲ್ಲ. ಉತ್ತರ ಡಕೋಟಾದ ಆ ಬಯಲಿನಲ್ಲಿ ಪ್ರತಿ ಮನೆಯ ಅಡುಗೆಕೋಣೆಯ ಬಾಗಿಲ ಹಿಂದೆ ಪೊರಕೆಯ ಜೊತೆ ಒರಗಿಕೊಂಡಿರುವ, ಸಣ್ಣ ಗುಂಡಿನ ‘ಇಪ್ಪತ್ತೆರಡು’. ಸ್ಕೋಗ್ಲಿ ಊರಿನಲ್ಲಿ ಅದಿಲ್ಲದ ಮನೆ ಇವರದೊಂದೇ. ಯಾಕೆಂದರೆ ಅಪ್ಪ ಬಿಟ್ಟು ಹೋಗಿದ್ದ ಇಪ್ಪತ್ತೆರಡನ್ನು ಅಣ್ಣ ಹಾರ್ಲನ್ ಕೆರೆಗೆ ಹಾಕಿದ್ದ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗೆ ತೂತು ಕೊರೆದು ಮೀನು ಹಿಡಿಯಲು ಕೂತಿದ್ದವನು, ಮೊಲ ಬಂದರೆ ಇರಲಿ ಎಂದು ಬಂದೂಕನ್ನೂ ಒಯ್ದಿದ್ದ. ಫ್ಲಾಸ್ಕಿನ ಮುಚ್ಚಳ ತೆಗೆಯಲು ಎರಡು ಕೈ ಬೇಕಾಯಿತು. ತೊಡೆಯ ಮೇಲಿದ್ದ ಬಂದೂಕು ಜಾರಿ, ಅಳತೆ ಕೊಟ್ಟು ಮಾಡಿಸಿದ ಹಾಗೆ ನೆಟ್ಟಗೆ ತೂತಿನೊಳಗೆ ಇಳಿದುಹೋಯಿತು. “ಕಾಫಿ ಮಾತ್ರ ಒಂದು ಹನಿ ಚೆಲ್ಲಲಿಲ್ಲ” ಎಂದು ಹಾರ್ಲನ್ ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಿದ್ದ.

ಹೆಂಡತಿ ತೀರಿಕೊಂಡ ಮೇಲೆ ಹಾರ್ಲನ್ ತಂಗಿಯ ಮನೆಗೆ ಬಂದು ಸೇರಿದ್ದ. ರಾಗ್ನಾ ಮದುವೆಯಾದವಳಲ್ಲ. ಇಬ್ಬರೂ ಅರವತ್ತು ದಾಟಿದವರು. ಮಾತಿಗೆ ಅವನು, ಕೆಲಸಕ್ಕೆ ಅವಳು ಎಂದು ಹಂಚಿಕೊಂಡು ಸುಖವಾಗಿದ್ದರು. ಕಣ್ಣಿಗೆ ಪೊರೆ ಬಂದು ಹಾರ್ಲನ್‌ಗೆ ಎದುರಿನ ಕಂಬ ಕಾಣುತ್ತಿರಲಿಲ್ಲ. ಬಂದೂಕಿನ ಪತ್ರಿಕೆ ಮಾತ್ರ ಮೂಗಿಗೆ ಹಚ್ಚಿಕೊಂಡು ಓದುತ್ತಿದ್ದ.

“ನೋಡಿಲ್ಲಿ. ತಾನಾಗೇ ಗುಂಡು ತುಂಬ್ಕೊಳ್ಳತ್ತೆ. ಮೇಲೆ ದುರ್ಬೀನು. ಢಂ ಢಂ ಢಂ ಅಂತ ಒಂದೇ ಉಸಿರಿಗೆ ಇಪ್ಪತ್ತೈದು.”

“ಇಪ್ಪತ್ತೈದು ಗುಂಡು ಹೊಡೆದ್ರೆ ಇಪ್ಪತ್ತೈದು ಅಳಿಲು ಬೀಳತ್ತೇನೋ?”

“ಹೆದರ್ಕೊಂಡಾದ್ರೂ ಹೋಗತ್ವೆ.”

“ಅದಕ್ಕೆ ನೀನು ಹೊರಗೆ ನಿಂತ್ಕೊಂಡು ಮಾತಾಡಿದ್ರೂ ಸಾಕು. ನಂಗೆ ಹಗುರವಾಗಿರೋದು ಬೇಕು ಕಣೋ. ನನ್ನ ಭುಜಕ್ಕೆ ಕೂರೋದು. ಒಂದು ಸಲಕ್ಕೆ ಒಂದೇ ಗುಂಡು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗೋ ಅಗ್ಗದ ಗುಂಡೇ ತಿನ್ನಬೇಕು.”

“ಬಡಪಾಯಿ ಬಂದೂಕು ಅನ್ನು.”

“ಹೂಂ. ನಮ್ಮ ಮನೆಗೆ ಹೊಂದೋದು.”

ರಾಗ್ನಾಳಿಗೆ ಗುರಿ ಕಲಿಸಿದವನು ಅಪ್ಪ. ಹಾಲು ಕರೆಯುತ್ತಾ ಪ್ರಾರ್ಥನೆಯ ಪದ್ಯಗಳನ್ನು ಹಾಡದೆ, ಬರೀ ಹೇಳುತ್ತಿದ್ದ ಮನುಷ್ಯ. ಹಸುವಿನ ಹೊಟ್ಟೆಗೆ ಹಣೆ ಒತ್ತಿ ಅವನು ಸಾಲು ಸಾಲಾಗಿ ಹೇಳುವಾಗ, ಬಕೆಟ್ಟಿಗೆ ಬೀಳುವ ಹಾಲೂ ಅದೇ ತಾಳದಲ್ಲಿ ಬೀಳುತ್ತಿತ್ತು. ಹುಲ್ಲಿನ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದ ಹುಡುಗಿಗೆ ಅಕ್ಷರಕ್ಕಿಂತ ಮೊದಲು ಆ ತಾಳ ಬಂದಿತ್ತು. “ಒಂದು ಸಾಲು ಹೇಳ್ಕೋ ಮಗಾ. ಸಾಲು ಮುಗಿದು ಮುಂದಿನ ಸಾಲು ಶುರುವಾಗೋಕೆ ಮುಂಚೆ ಒಂದು ಖಾಲಿ ಜಾಗ ಇರತ್ತಲ್ಲ, ಅಲ್ಲಿ ಬೆರಳು ಒತ್ತು. ಅಲ್ಲಿ ಉಸಿರೂ ಇರಲ್ಲ, ನೀನೂ ಇರಲ್ಲ.”

ಮೇ ತಿಂಗಳ ಒಂದು ಬೆಳಗ್ಗೆ ಪಕ್ಕದ ಹೊಲದ ಟಿಲ್‌ಮನ್ ತನ್ನ ಹಳೆಯ ಟ್ರಕ್ ತಂದು ಅಂಗಳದಲ್ಲಿ ನಿಲ್ಲಿಸಿದ. ಒಳಗಿನಿಂದ ಹಾಸುಬಟ್ಟೆಯಲ್ಲಿ ಸುತ್ತಿದ್ದ ಉದ್ದನೆಯದೊಂದನ್ನು ತೆಗೆದ. ಸತ್ತ ಹೆಂಡತಿ ಬೋರ್ಗಿಲ್ಡಳ ಇಪ್ಪತ್ತೆರಡು. ಬೋರ್ಗಿಲ್ಡ್ ಗಿಡ್ಡ ಹೆಂಗಸು. ಅವಳಿಗೆಂದು ಮರದ ಹಿಡಿಯನ್ನು ಎರಡು ಬೆರಳು ಕುಯ್ದು ಸರಿಮಾಡಿದ್ದು ಟಿಲ್‌ಮನ್ನೇ. ಒಂದು ಸಲಕ್ಕೆ ಒಂದೇ ಗುಂಡು ಹಾಕಿ, ಸರಳು ಎಳೆದು ಮುಚ್ಚುವ ಬಂದೂಕು.

“ಬೀರುವಿನಲ್ಲಿ ಹಾಗೇ ಬಿದ್ದಿದೆ. ಒಂದು ಕೈ ನೋಡು” ಅಂದ.

ಹಿಂದೆ ಮಣ್ಣಿನ ದಿಬ್ಬವಿರುವ ಕಡೆ ಹಲಗೆಗೆ ಕಾಗದ ಅಂಟಿಸಿ, ರಾಗ್ನಾ ಹುಲ್ಲಿನ ಕಂತೆಯ ಮೇಲೆ ಮೊಣಕೈ ಊರಿದಳು. ಹಿಡಿ ಭುಜದ ಗುಳಿಯಲ್ಲಿ ಬೆಕ್ಕಿನ ಮರಿ ಕೂತ ಹಾಗೆ ಕೂತಿತು. ಮನಸ್ಸಿನಲ್ಲಿ ಒಂದು ಸಾಲು ಹೇಳಿಕೊಂಡಳು, ಖಾಲಿ ಜಾಗ ಬಂತು, ಬೆರಳು ಒತ್ತಿದಳು. ಹೀಗೇ ಐದು ಸಲ. ಹೋಗಿ ನೋಡಿದರೆ ಐದೂ ತೂತು ಒಂದು ಅಂಗಿಗುಂಡಿಯ ಕೆಳಗೆ ಮುಚ್ಚಿಹೋಗುವಷ್ಟು ಹತ್ತಿರ.

“ಇದಕ್ಕೆ ಅಗ್ಗದ ಗುಂಡೇ ಇಷ್ಟ. ದುಬಾರಿಯದು ಹಾಕಿದ್ರೆ ಮುನಿಸ್ಕೊಂಡು ಅತ್ತ ಇತ್ತ ಎಸೆಯತ್ತೆ. ಥೇಟ್ ಬೋರ್ಗಿಲ್ಡ್” ಅಂದ ಟಿಲ್‌ಮನ್. ಆಮೇಲೆ ಟೋಪಿ ಸರಿಮಾಡಿಕೊಂಡು, “ನೀನೇ ಇಟ್ಕೋಬಹುದಲ್ಲ ರಾಗ್ನಾ?” ಅಂದ.

ರಾಗ್ನಾಳ ಎದೆ ಹೌದು ಅಂತು. ಬಾಯಿ, “ಅಯ್ಯೋ, ಬೇಡಪ್ಪ” ಅಂತು.

ಅದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಸ್ಕೋಗ್ಲಿಯಲ್ಲಿ ಕಾಫಿಯಾಗಲಿ ಕರುವಾಗಲಿ, ಕೊಡಲು ಬಂದರೆ ಮೊದಲ ಸಲ ಬೇಡ ಅನ್ನಬೇಕು. ಎರಡನೆಯ ಸಲ ನಿಮಗೆ ಯಾಕೆ ತೊಂದರೆ ಅನ್ನಬೇಕು. ಮೂರನೆಯ ಸಲ, ಇಷ್ಟು ಬಲವಂತ ಮಾಡುವುದಾದರೆ ಒಂದು ಅರ್ಧ ಕಪ್ ಅನ್ನಬೇಕು. ಮೊದಲ ಸಲಕ್ಕೇ ಕೈ ಚಾಚಿದವನ ಬಗ್ಗೆ ಊರು ಒಂದು ವಾರ ಮಾತಾಡುತ್ತದೆ. ಮೂರನೆಯ ಸಲ ಕೇಳದವನ ಬಗ್ಗೆ ಎರಡು ವಾರ.

“ಸುಮ್ನೆ ಬಿದ್ದಿದೆ ಅಂತ ಅಂದೆನಲ್ಲ” ಅಂದ ಟಿಲ್‌ಮನ್. ಇದು ಎರಡನೆಯದು.

“ನಿಂಗ್ಯಾಕೆ ತೊಂದ್ರೆ. ನಿನ್ನ ಹೊಲದಲ್ಲೂ ಅಳಿಲಿವೆಯಲ್ಲ.”

ಟಿಲ್‌ಮನ್ ಗಂಟಲು ಸರಿಮಾಡಿಕೊಂಡ. ಬಾಯಿ ತೆರೆದ. ಮೂರನೆಯದು ನಾಲಿಗೆಯ ತುದಿಗೆ ಬಂದದ್ದು ರಾಗ್ನಾಳಿಗೆ ಕಂಡೇ ಕಂಡಿತು. ಅಷ್ಟರಲ್ಲಿ ಮನೆಯ ಬಾಗಿಲು ಧಡಾರನೆ ತೆರೆದು ಹಾರ್ಲನ್ ಹೊರಬಂದು, “ಏನ್ ಟಿಲ್‌ಮನ್! ಮಳೆ ಬರೋ ಹಾಗಿದೆ ಅಂತೀಯಾ, ಇಲ್ಲ ಗಾಳಿ ಹೀಗೇ ಹಾರಿಸ್ಕೊಂಡು ಹೋಗತ್ತಾ?” ಅಂದ.

ಆ ಬಯಲಿನಲ್ಲಿ ಮಳೆಯ ಮಾತು ತೆಗೆದರೆ ಉಳಿದ ಮಾತುಗಳೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಡಬೇಕು. ಮಳೆಯಿಂದ ಗೋಧಿಗೆ ಹೋಯಿತು, ಗೋಧಿಯಿಂದ ಟ್ರ್ಯಾಕ್ಟರಿಗೆ ಹೋಯಿತು. ಕಡೆಗೆ ಟಿಲ್‌ಮನ್ ಹಾಸುಬಟ್ಟೆ ಸುತ್ತಿಕೊಂಡು ಟ್ರಕ್ ಹತ್ತಿದ. ಎದ್ದ ಧೂಳಿನಲ್ಲಿ ರಾಗ್ನಾ, ಎಲೆ ಹಾಕಿ ಊಟ ಬಡಿಸದೆ ಹೋದ ಹಾಗೆ ನಿಂತಿದ್ದಳು.

“ಏನಾಯ್ತು?” ಅಂದ ಹಾರ್ಲನ್.

“ಏನಿಲ್ಲ. ಅವತ್ತು ನಿನ್ನ ಬಾಯನ್ನೂ ಆ ತೂತಿನಲ್ಲೇ ಕೆರೆಗೆ ಬಿಡಬೇಕಿತ್ತು.”

ಒಂದು ವಾರ ಕಾದಳು. ಟಿಲ್‌ಮನ್ ಬರಲಿಲ್ಲ. ಫ್ರೀಡಾ ಲಾಯದಲ್ಲಿ ಒಣಹುಲ್ಲನ್ನು ಮೂಸಿ ಮುಖ ತಿರುಗಿಸತೊಡಗಿತು. ಹಿಂದಕ್ಕೆ ಸರಿಯುವಾಗ ಕಾಲು ಮರದ ಕೊರಡಿನ ಹಾಗೆ ಎಳೆದುಕೊಂಡು ಸರಿಯುತ್ತಿತ್ತು. ಅದನ್ನು ನೋಡಿದ ದಿನವೇ ರಾಗ್ನಾ ಅಣ್ಣನನ್ನು ಕೂರಿಸಿಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋದಳು.

ಅಂಗಡಿ ಲೂಪೆಯದು. ಟೆಕ್ಸಸ್‌ನಿಂದ ಬಂದು ಐದಾರು ವರ್ಷವಾಗಿದ್ದರೂ ಅವಳಿಗೆ ಊರಿನ ಎರಡು ವಿಷಯ ಇನ್ನೂ ಒಗ್ಗಿರಲಿಲ್ಲ: ಒಂದು ಚಳಿ, ಇನ್ನೊಂದು ಈ ಜನರ ಬೇಡ. ಅವಳ ಊರಿನಲ್ಲಿ ಬೇಡ ಅಂದರೆ ಬೇಡ.

“ಕಪ್ಪಗಿರೋದು ಕೊಡಮ್ಮ, ದುರ್ಬೀನಿಂದು” ಅಂದ ಹಾರ್ಲನ್, ಗೋಡೆಯ ಮೇಲಿದ್ದ ಗುದ್ದಲಿ ತೋರಿಸುತ್ತಾ.

“ಅದು ಗುದ್ದಲಿ ತಾತ. ನೀವು ಕೂತ್ಕೊಳ್ಳಿ. ಅಕ್ಕಾ, ನೀವು ಬನ್ನಿ.”

ಲೂಪೆ ಒಂದೊಂದಾಗಿ ಕೊಟ್ಟಳು. ಮೊದಲನೆಯದು ಉದ್ದ; ಕೆನ್ನೆ ಇಡುವುದರೊಳಗೆ ಕತ್ತು ಉಳುಕಿತು. ಎರಡನೆಯದು ಹಗುರ, ಆದರೆ ಹಟ ಹಿಡಿದ ಕುದುರೆಯನ್ನು ಎಳೆದ ಹಾಗೆ ಎಳೆಯಬೇಕು, ಆಗಲೇ ಬಂದೂಕಿನ ಕುದುರೆ ಬೀಳುವುದು. ಮೂರನೆಯದು ಎಲ್ಲದರಲ್ಲೂ ಚೆನ್ನಾಗಿತ್ತು. ಬೆಲೆಯಲ್ಲಂತೂ ಫ್ರೀಡಾಳಿಗಿಂತ ಜಾಸ್ತಿ. ನಾಲ್ಕನೆಯದನ್ನು ರಾಗ್ನಾ ಭುಜಕ್ಕಿಟ್ಟು, ಇಳಿಸಿ, ಮತ್ತೊಮ್ಮೆ ಇಟ್ಟಳು. ಬೋರ್ಗಿಲ್ಡಳದರಷ್ಟಲ್ಲದಿದ್ದರೂ ಪರವಾಗಿಲ್ಲ, ಅಗ್ಗ.

“ಇದು ಕೊಡ್ಲಾ?” ಅಂದಳು ಲೂಪೆ.

“ಅಯ್ಯೋ, ಬೇಡಮ್ಮ” ಅಂತು ಬಾಯಿ.

ಲೂಪೆ ಬಂದೂಕನ್ನು ಕೈಯಿಂದ ತೆಗೆದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ರಾಗ್ನಾ ಖಾಲಿ ಕೈ ನೋಡಿಕೊಂಡಳು.

“ಈ ಊರಿನವರಿಗೆ ಬಂದೂಕು ಮಾರೋದಕ್ಕಿಂತ ಅಳಿಲಿಗೆ ಮಾರೋದು ಸುಲಭ ಅಕ್ಕಾ” ಅಂದಳು ಲೂಪೆ. “ಮೊನ್ನೆ ಟಿಲ್‌ಮನ್ ಬಂದಿದ್ರು. ಹೆಂಡತಿ ಬಂದೂಕು ಯಾರಿಗೂ ಬೇಡವಂತೆ, ಶನಿವಾರದ ಗುರಿ ಪಂದ್ಯಕ್ಕೆ ಬಹುಮಾನ ಇಟ್ಬಿಡು ಅಂತ ಕೊಟ್ಟು ಹೋದ್ರು. ಪಾಪ, ಮುಖ ಸಣ್ಣಗಾಗಿತ್ತು.”

ರಾಗ್ನಾಳ ಕಾಲಡಿಯ ನೆಲ ಒಂದು ಬಿಲದಷ್ಟು ಕುಸಿಯಿತು.

ಮನೆಗೆ ಹೋಗುವ ದಾರಿಯುದ್ದಕ್ಕೂ ಹಾರ್ಲನ್ ಲೆಕ್ಕ ಹಾಕಿದ. “ಹೆದರ್ಬೇಡ. ನಮ್ಮ ಪಂದ್ಯದಲ್ಲಿ ಗೆದ್ದವರು ಏನು ಮಾಡ್ತಾರೆ ಹೇಳು?”

“ಮೊದ್ಲು ಆರಿಸ್ಕೋತಾರೆ.”

“ಏನು ಆರಿಸ್ಕೋತಾರೆ?”

ರಾಗ್ನಾಳಿಗೆ ಅರ್ಥವಾಯಿತು. ಗೆದ್ದವನು ಮೇಜಿನ ಮೇಲಿರುವ ಬಹುಮಾನಗಳಲ್ಲಿ ಅತಿ ಸಣ್ಣದನ್ನು ಆರಿಸಿಕೊಳ್ಳುತ್ತಿದ್ದ. ಹೋದ ವರ್ಷ ಗೆದ್ದವನು ಒಂದು ಜಾಡಿ ಜಾಮ್ ತೆಗೆದುಕೊಂಡ. ಕಡೆಯ ಸ್ಥಾನ ಬಂದವನು ಇಡೀ ಹಂದಿತೊಡೆ ಹೊತ್ತುಕೊಂಡು ಹೋದ. ಅದಕ್ಕೆ ಹಿಂದಿನ ವರ್ಷವೂ ಹಾಗೇ.

“ಬಂದೂಕು ಮುಟ್ಟೋಕೆ ಯಾರಿಗೂ ಧೈರ್ಯ ಬರಲ್ಲ. ಕೊನೆಯವರಿಗೇ ಉಳಿಯತ್ತೆ. ನೀನು ಕೊನೆಗೆ ಬಾ, ಅಷ್ಟೇ. ಕಣ್ಮುಚ್ಕೊಂಡು ಹೊಡಿ.”

“ಅದು ಸುಳ್ಳು ಹೇಳಿದ ಹಾಗಲ್ವೇನೋ?”

“ಬಾಯಿ ತೆರೀದೆ ಹೇಳಿದ ಸುಳ್ಳು ಲೆಕ್ಕಕ್ಕಿಲ್ಲ.”

ಶನಿವಾರ ಮಧ್ಯಾಹ್ನ ಅಗ್ನಿಶಾಮಕ ಗಾಡಿ ನಿಲ್ಲಿಸುವ ಕೊಟ್ಟಿಗೆಯ ಹಿಂದೆ ಊರು ಸೇರಿತು. ಐವತ್ತು ಗಜದಾಚೆ, ಮಣ್ಣಿನ ಏರಿಯ ಮುಂದೆ ಕಾಗದದ ಗುರಿ. ಎಲ್ಲರಿಗೂ ಒಂದೇ ಬಂದೂಕು, ಐದೈದು ಗುಂಡು. ಈ ಸಲ ಬಹುಮಾನದ ಬಂದೂಕೇ ಪಂದ್ಯದ ಬಂದೂಕು. ಟಿಲ್‌ಮನ್ ಪಕ್ಕದಲ್ಲಿ ನಿಂತು ಪ್ರತಿಯೊಬ್ಬರಿಗೂ ಅದನ್ನು ಎರಡೂ ಕೈಯಿಂದ ಎತ್ತಿ ಕೊಡುತ್ತಿದ್ದ. ಮೇಜಿನ ಮೇಲೆ ತಲೆಗೊಂದರಂತೆ ಬಹುಮಾನ: ಹಂದಿತೊಡೆ, ಕಾಡುಚೆರ್ರಿ ಜಾಮ್, ಬಿಸಿ ಪಾತ್ರೆ ಹಿಡಿಯುವ ಹೊಲಿದ ಬಟ್ಟೆ, ಇನ್ನೂ ಏನೇನೋ. ಹಿಂದೆ ಲೂಪೆ.

ಮೊದಲು ಹೊಡೆದವನು ಅಂಚೆಯವನು. ಜಿಂಕೆ ಬೇಟೆಯಲ್ಲಿ ಹೆಸರು ಮಾಡಿದವನು. ಐದರಲ್ಲಿ ಎರಡು ಕಾಗದದ ಅಂಚಿಗೆ, ಮೂರು ಮಣ್ಣಿಗೆ. “ಯಾಕೋ ಸರಿ ಕೂರ್ತಿಲ್ಲ” ಅಂದ. ಎರಡನೆಯವಳು ಇಗರ್ಜಿಯಲ್ಲಿ ಆರ್ಗನ್ ನುಡಿಸುವ ಹೆಂಗಸು; ಒಂದು ಕಾಗದಕ್ಕೆ, ನಾಲ್ಕು ಮಣ್ಣಿಗೆ. “ಎಡಕ್ಕೆ ಎಳೆಯತ್ತೆ.” ಮೂರನೆಯವನು, “ಬಲಕ್ಕೆ ಎಳೆಯತ್ತೆ.” ಹೀಗೆ ಒಬ್ಬರಾದ ಮೇಲೊಬ್ಬರು ಬಂದು ಮಣ್ಣಿನ ಏರಿಯನ್ನು ಚೆನ್ನಾಗಿ ಉತ್ತು ಹೋದರು. ಲೂಪೆ ಸೊಂಟದ ಮೇಲೆ ಕೈಯಿಟ್ಟುಕೊಂಡು, “ಏನ್ರೀ ಇದು, ಊರಿಗೆ ಊರೇ ಕುರುಡಾಯ್ತಾ?” ಅಂದಳು.

ರಾಗ್ನಾಳಿಗೆ ನಿಧಾನವಾಗಿ ಹೊಳೆಯಿತು. ಹಾರ್ಲನ್ ಹಾಕಿದ ಲೆಕ್ಕವನ್ನೇ ಎಲ್ಲರ ಮನೆಯಲ್ಲೂ ಒಬ್ಬೊಬ್ಬ ಹಾರ್ಲನ್ ಹಾಕಿದ್ದ. ಬೋರ್ಗಿಲ್ಡಳ ಬಂದೂಕು ಯಾರಿಗೂ ಬೇಡವಾಗಿರಲಿಲ್ಲ, ಮನೆಯಲ್ಲೊಂದಿದ್ದರೂ ಎಲ್ಲರಿಗೂ ಬೇಕಾಗಿತ್ತು.

ಪಾದ್ರಿ ಲುಡ್ವಿಗ್ ಬಂದರು. ಅವರ ಗೋರಿತೋಟವನ್ನೂ ಅಳಿಲುಗಳು ಬಿಟ್ಟಿರಲಿಲ್ಲ. ಕೋಟು ಬಿಚ್ಚಿಟ್ಟು, ಕಣ್ಣು ಕಿರಿದು ಮಾಡಿ, ಬಹಳ ಶ್ರದ್ಧೆಯಿಂದ ಐದಕ್ಕೆ ಐದೂ ಮಣ್ಣಿಗೆ ಹಾಕಿದರು. ತಿರುಗಿ, “ನಳಿಗೆ ಸೊಟ್ಟಗಾಗಿದೆಯೇನೋ ಟಿಲ್‌ಮನ್. ಹಳೇದಲ್ವಾ” ಅಂದರು.

ಟಿಲ್‌ಮನ್ ಬಂದೂಕನ್ನು ತೆಗೆದುಕೊಂಡು ನಳಿಗೆಯ ಉದ್ದಕ್ಕೂ ಹೆಬ್ಬೆರಳು ಎಳೆದ. ಬೀರುವಿನಲ್ಲಿ ಹಾಗೇ ಇಟ್ಟು ತಾನೇ ಹಾಳುಮಾಡಿದೆನೇನೋ, ಅವಳು ಎಷ್ಟು ಜೋಪಾನ ಮಾಡಿದ್ದಳು ಎಂಬುದೆಲ್ಲ ಆ ಹೆಬ್ಬೆರಳಲ್ಲಿತ್ತು.

ಕಡೆಯ ಸರದಿ ರಾಗ್ನಾಳದು. “ಕಣ್ಮುಚ್ಕೋ” ಎಂದು ಹಾರ್ಲನ್ ಹಿಂದಿನಿಂದ ಪಿಸುಗುಟ್ಟಿದ್ದು ಕೊಟ್ಟಿಗೆಯಾಚೆಗೂ ಕೇಳಿಸಿತು.

ಅವಳು ಕಣ್ಣು ಮುಚ್ಚಿದಳು ಕೂಡ. ಮುಚ್ಚಿದರೆ ಫ್ರೀಡಾ ಕಂಡಿತು, ಕತ್ತು ಚಾಚಿ ನಿಂತದ್ದು. ಈಗ ಐದು ಗುಂಡು ಮಣ್ಣಿಗೆ ಹಾಕಿದರೆ ಪಾದ್ರಿಗೆ ಸಮ. ಸಮವಾದರೆ ಚೀಟಿ ಎತ್ತುತ್ತಾರೆ. ಅರ್ಧ ಆಸೆ ಅಲ್ಲಿದೆ. ನೆಟ್ಟಗೆ ಹೊಡೆದರೆ ಮೊದಲನೆಯವಳಾಗಿ ಪಾತ್ರೆಬಟ್ಟೆ ಹಿಡಿದುಕೊಂಡು ಮನೆಗೆ ಹೋಗಬೇಕು. ಭುಜದ ಗುಳಿಯಲ್ಲಿ ಹಿಡಿ ಕೂತಿತ್ತು, ತನಗೇನೂ ಗೊತ್ತಿಲ್ಲದ ಬೆಕ್ಕಿನ ಮರಿಯ ಹಾಗೆ. ಇಷ್ಟು ಜನ ಸೇರಿ ಅದರ ಮೇಲೆ ಚಾಡಿ ಹೇಳಿಯಾಗಿತ್ತು. ಅದಕ್ಕೆ ಬಾಯಿಲ್ಲ. ಬೋರ್ಗಿಲ್ಡಳಿಗೂ ಈಗ ಬಾಯಿಲ್ಲ.

ಕಣ್ಣು ತೆರೆದಳು. ಅಪ್ಪನ ದನಿಯಲ್ಲಿ ಒಂದು ಸಾಲು ಬಂತು. ಸಾಲು ಮುಗಿಯಿತು. ಖಾಲಿ ಜಾಗ ಬಂತು.

ಐದು ಗುಂಡಾದ ಮೇಲೆ ಲೂಪೆಯೇ ಹೋಗಿ ಕಾಗದ ಕಿತ್ತು ತಂದಳು. ಎಲ್ಲರ ಮುಂದೆ ಎತ್ತಿ ಹಿಡಿದಳು. ನಡುವೆ ಒಂದೇ ತೂತು ಇದ್ದ ಹಾಗಿತ್ತು, ಅಂಚು ಸ್ವಲ್ಪ ಹರಿದದ್ದು.

“ನಳಿಗೆ ಸೊಟ್ಟ ಅಂದ್ರಿ?” ಎಂದಳು ಪಾದ್ರಿಯವರಿಗೆ. ಪಾದ್ರಿಯವರು ಕೋಟು ಹುಡುಕತೊಡಗಿದರು.

ಟಿಲ್‌ಮನ್‌ನ ಮುಖ ನೋಡಲು ರಾಗ್ನಾಳಿಗೆ ಆಗಲಿಲ್ಲ. ಅವನು ಕೈವಸ್ತ್ರದಿಂದ ಮೂಗು ಒರೆಸಿದ ಸದ್ದು ಮಾತ್ರ ಕೇಳಿತು.

“ಮೊದಲ ಬಹುಮಾನ ನಿಮ್ದು ಅಕ್ಕಾ. ಏನು ಬೇಕು?” ಅಂದಳು ಲೂಪೆ.

ಆರ್ಗನ್ ಹೆಂಗಸು ಆಗಲೇ ಹೊಲಿದ ಬಟ್ಟೆಯನ್ನು ಅವಳ ಕಡೆಗೆ ಒಂದು ಗೇಣು ಸರಿಸಿದ್ದಳು. ರಾಗ್ನಾಳ ಬಾಯಿ ಅಭ್ಯಾಸದಂತೆ ತೆರೆಯಿತು. ‘ಅಯ್ಯೋ’ ಎಂಬಷ್ಟು ಹೊರಗೆ ಬಂದೇಬಿಟ್ಟಿತು. ಲೂಪೆಯ ಕೈ ಬಂದೂಕಿನಿಂದ ಬಟ್ಟೆಯ ಕಡೆಗೆ ಹೊರಟಿತು. ಆ ಕೈಗೆ ಮೂರನೆಯ ಸಲ ಎಂಬುದು ಗೊತ್ತಿಲ್ಲ, ಎರಡನೆಯದೂ ಗೊತ್ತಿಲ್ಲ. ಗುರಿ ತಪ್ಪಿಸಿ ಹೇಳುವ ಸುಳ್ಳನ್ನು ಈಗಷ್ಟೇ ಬಿಟ್ಟು ಬಂದವಳು, ಬಾಯಿ ತೆರೆದು ಅದನ್ನೇ ಹೇಳಲು ಹೊರಟಿದ್ದಳು.

“ಅಯ್ಯೋ… ಅದು” ಅಂದಳು ರಾಗ್ನಾ. ಬೆರಳು ತೋರಿಸಿದಳು. “ಬಂದೂಕು. ನಂಗೆ ಅದು ಬೇಕು. ತುಂಬಾ ಬೇಕು.”

ಯಾರೋ ಕೆಮ್ಮಿದರು. ಅಂಚೆಯವನ ಹೆಂಡತಿ ಗಂಡನ ತೋಳು ಹಿಡಿದುಕೊಂಡಳು, ಕಣ್ಣೆದುರೇ ಅಪಘಾತವಾದ ಹಾಗೆ. ರಾಗ್ನಾಳ ಕಿವಿಯವರೆಗೂ ಕೆಂಪು ಏರಿತು. ಆದರೆ ಬೆರಳು ಇಳಿಯಲಿಲ್ಲ.

“ಹಾಗಾದ್ರೆ ಅವತ್ತು ಬೇಡ ಅಂದೆಯಲ್ಲ!” ಅಂದ ಟಿಲ್‌ಮನ್.

“ನೀನು ಎರಡೇ ಸಲ ಕೇಳಿದ್ದು.”

“ಮೂರನೇದು ಬಾಯಲ್ಲೇ ಇತ್ತಮ್ಮ! ಇವನು ಮಳೆ ತಂದ.”

ಊರೆಲ್ಲ ಹಾರ್ಲನ್ ಕಡೆ ತಿರುಗಿತು. ಹಾರ್ಲನ್‌ಗೆ ಯಾರೂ ಸರಿಯಾಗಿ ಕಾಣುತ್ತಿರಲಿಲ್ಲವಾಗಿ ನಿಶ್ಚಿಂತೆಯಿಂದ, “ಬಂತಾ ಮತ್ತೆ ಮಳೆ? ಬರಲಿಲ್ಲ” ಅಂದ.

ಮೊದಲು ನಕ್ಕವನು ಟಿಲ್‌ಮನ್. ಆಮೇಲೆ ನಗದವರು ಪಾದ್ರಿ ಒಬ್ಬರೇ; ಕೊನೆಗೆ ಬಂದವರಿಗೆ ಉಳಿದ ಹಂದಿತೊಡೆ ಕೈಗೆ ಬಂದ ಮೇಲೆ ಅವರೂ ನಕ್ಕರು. “ಸೋಮವಾರ ಗುರುತಿನ ಚೀಟಿ ತಗೊಂಡು ಬನ್ನಿ, ಬಂದೂಕು ಹೆಸರಿಗೆ ಮಾಡ್ಕೊಡ್ತೀನಿ” ಅಂದಳು ಲೂಪೆ. “ಬೇಡ ಅಂತ ಮಾತ್ರ ಹೇಳ್ಬೇಡಿ ದಮ್ಮಯ್ಯ.”

ಮೇ ಕಳೆದು ಜೂನ್ ಬಂತು. ಬೆಳಗಿನ ಹೊತ್ತು ರಾಗ್ನಾ ಹುಲ್ಲಿನ ಕಂತೆಯ ಹಿಂದೆ ಕೂತು ಸಾಲು ಹೇಳಿಕೊಳ್ಳುತ್ತಿದ್ದಳು. ಸಾಲಿಗೊಂದು ಗುಂಡು, ಗುಂಡಿಗೊಂದು ಅಳಿಲು. ತಪ್ಪಿದ ದಿನ ಪದ್ಯ ಮರೆತಿದ್ದಳು ಎಂದರ್ಥ. ಬಿದ್ದವನ್ನು ಗಿಡುಗಗಳಿಗೆ ಬಿಟ್ಟು, ಖಾಲಿಯಾದ ಬಿಲಗಳಿಗೆ ಟಿಲ್‌ಮನ್ ಮಣ್ಣು ತುಂಬಿ ತುಳಿಯುತ್ತಿದ್ದ. ಹಾರ್ಲನ್ ಬೇಲಿಯ ಬಳಿ ಕುರ್ಚಿ ಹಾಕಿಕೊಂಡು, ಕಾಣದ ಅಳಿಲುಗಳನ್ನು ತೋರಿಸುತ್ತಿದ್ದ.

ಕೆಲಸ ಮುಗಿದ ಒಂದು ದಿನ ರಾಗ್ನಾ ಕಾಫಿಯ ಪಾತ್ರೆ ಹಿಡಿದು, “ಹಾಕ್ಲಾ ಟಿಲ್‌ಮನ್?” ಅಂದಳು.

“ಅಯ್ಯೋ, ಬೇಡ.”

ರಾಗ್ನಾ ಪಾತ್ರೆಯನ್ನು ಒಲೆಯ ಮೇಲಿಟ್ಟು ಹೊರಗೆ ಹೊರಟಳು.

“ಏ, ಏ, ಬೇಕು! ಬೇಕು ಕಣಮ್ಮ!”

“ನೀನೇ ಹಾಕ್ಕೋ. ನಂಗೆ ಕೆಲಸ ಇದೆ.”

ಲಾಯದ ಬಾಗಿಲು ತೆಗೆದಳು. ಫ್ರೀಡಾ ಕತ್ತು ಚಾಚಿ, ಹುಲ್ಲುಗಾವಲಿನ ಕಡೆ ಮೂಗು ಮಾಡಿ, ಎಂದಿನಂತೆ ‘ಇವತ್ತಲ್ಲ’ ಎಂಬ ಮಾತಿಗೆ ಕಾದು ನಿಂತಿತು. ಆ ಮಾತು ಬರಲಿಲ್ಲ. ರಾಗ್ನಾ ಹಗ್ಗ ಬಿಚ್ಚಿ ಪಕ್ಕಕ್ಕೆ ಸರಿದಳು. ಮುದಿ ಕುದುರೆ ಒಂದು ಹೆಜ್ಜೆ ಇಟ್ಟು ನಿಂತಿತು, ನೆಲ ನೆಲವಾಗಿಯೇ ಇದೆಯೇ ಎಂದು ಗೊರಸಿನಿಂದ ಒತ್ತಿ ನೋಡಿತು, ಆಮೇಲೆ ಒಳ್ಳೆಯ ಕಣ್ಣಿನ ಕಡೆಗೆ ತಲೆ ವಾರೆ ಮಾಡಿಕೊಂಡು, ಸೆಟೆದ ಕಾಲುಗಳನ್ನು ಒಂದೊಂದಾಗಿ ಬಿಚ್ಚುತ್ತಾ, ಹಸಿರಿನೊಳಕ್ಕೆ ನಡೆದುಹೋಯಿತು. ಯಾರೂ ಎರಡನೆಯ ಸಲ ಹೇಳಬೇಕಾಗಲಿಲ್ಲ.